ಅಮೆರಿಕದಲ್ಲಿ ನಂಬರ್ ಪ್ಲೇಟ್ ಮೇಲೆ ‘ದೇವರಲ್ಲಿ ನಮ್ಮ ನಂಬಿಕೆ’ ಅಂತ ಇದ್ದರೆ, ನಂಬದವರು ಅದನ್ನು ಮುಚ್ಚಬಹುದಾ?

1977ರ ಸುಪ್ರೀಂ ಕೋರ್ಟ್ ತೀರ್ಪು ನೋಡಿದರೆ, ಮುಚ್ಚಬಹುದು. ನಂಬರನ್ನಲ್ಲ, ಘೋಷವಾಕ್ಯವನ್ನು ಮಾತ್ರ.

ತಮಾಷೆ ಏನಂದ್ರೆ, ಆ ಕೇಸು ಹಾಕಿದವರು ನಾಸ್ತಿಕರಲ್ಲ, ದೈವಭಕ್ತರು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪ್ಲೇಟ್ ಮೇಲೆ ‘ಸ್ವತಂತ್ರವಾಗಿ ಬಾಳು, ಇಲ್ಲವೇ ಸಾಯಿ’ ಅಂತ ಬರೆದಿರುತ್ತದೆ. ಕೇಸು ಹಾಕಿದ ಜಾರ್ಜ್ ಮೇನಾರ್ಡ್ ಯೆಹೋವನ ಸಾಕ್ಷಿ ಎಂಬ ಕ್ರೈಸ್ತ ಪಂಥದವರು. ರಾಜ್ಯಕ್ಕಾಗಿ ಪ್ರಾಣ ಬಿಡುವುದು ನನ್ನ ಧರ್ಮಕ್ಕೆ ಒಪ್ಪದು ಎಂದರು. ‘ಇಲ್ಲವೇ ಸಾಯಿ’ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದಕ್ಕೆ ಟೇಪ್ ಅಂಟಿಸಿದರು. ದಂಡ ಬಿತ್ತು, ಕಟ್ಟಲಿಲ್ಲ. 15 ದಿನ ಜೈಲಿನಲ್ಲಿದ್ದು ಬಂದರು.

ಸರ್ಕಾರದ ಮಾತನ್ನು ಹೊತ್ತು ತಿರುಗುವ ಜಾಹೀರಾತು ಫಲಕವಾಗಿ ಜನರ ಗಾಡಿಯನ್ನು ಬಳಸುವಂತಿಲ್ಲ ಎಂದಿತು ಕೋರ್ಟ್.

ಹಾಗಾದ್ರೆ ಡಾಲರ್ ನೋಟಿನ ಮೇಲೂ ‘ದೇವರಲ್ಲಿ ನಮ್ಮ ನಂಬಿಕೆ’ ಅಂತ ಇದೆಯಲ್ಲ? ಈ ತೀರ್ಪನ್ನು ಒಪ್ಪದ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಕೂಡ ಇದನ್ನೇ ಎತ್ತಿದರು. ಬಹುಮತದ ಉತ್ತರ ಒಂದು ಅಡಿಟಿಪ್ಪಣಿಯಲ್ಲಿದೆ: ನೋಟು ಜೇಬಿನಲ್ಲಿರುತ್ತದೆ, ಕೈಯಿಂದ ಕೈಗೆ ಹೋಗುತ್ತದೆ. ಕಾರು ಹಾಗಲ್ಲ, ಅದನ್ನು ನೋಡಿದರೆ ಮಾಲೀಕನ ನೆನಪಾಗುತ್ತದೆ. ನನಗೆ ಈ ವಾದ ಸರಿ ಅನ್ನಿಸುತ್ತೆ.

ಬೇಕೆಂದವರಷ್ಟೇ ಹಾಕಿಸಿಕೊಳ್ಳುವ ಪ್ಲೇಟಿನ ಕಥೆ ಬೇರೆ. ಅಲ್ಲಿ ಬಲವಂತದ ಪ್ರಶ್ನೆಯಿಲ್ಲ. ಆದರೂ ದಕ್ಷಿಣ ಕ್ಯಾರೊಲಿನಾದಲ್ಲಿ ಶಿಲುಬೆಯ ಜೊತೆ ‘ನಾನು ನಂಬುತ್ತೇನೆ’ ಎಂಬ ಪ್ಲೇಟಿಗೆ ಶಾಸಕಾಂಗವೇ ಕಾನೂನು ಮಾಡಿತ್ತು. ಸರ್ಕಾರ ಒಂದು ಧರ್ಮದ ಪರ ನಿಂತಂತಾಯಿತು ಎಂದು 2009ರಲ್ಲಿ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿತು.