ಜಾತ್ರೆಯಲ್ಲಿ ನಾಲ್ಕು ದಿನ ಗುಳಿಗೆ ತಪ್ಪಿದ್ದಕ್ಕೆ ತಲೆಯಲ್ಲಿ ಕರೆಂಟ್ ಹೊಡೆದಂತಾಯಿತು, ಇದು ಚಟವೇ?

ಮನೆಮಂದಿಯೊಂದಿಗೆ ಬನಶಂಕರಿ ಜಾತ್ರೆಗೆ ಹೋದಾಗ ಗುಳಿಗೆಯ ಸ್ಟ್ರಿಪ್ ಮನೆಯಲ್ಲೇ ಉಳಿಯಿತು, ಮೂರನೆಯ ದಿನದಿಂದ ಕಣ್ಣು ಹೊರಳಿಸಿದರೆ ಸಾಕು ತಲೆಯೊಳಗೆ ಕರೆಂಟ್ ಹೊಡೆದಂತಾಗುತ್ತಿತ್ತು, ಅದರ ಜೊತೆಗೆ ವಾಕರಿಕೆ, ಕೆಟ್ಟ ಕನಸು, ಕಾರಣವಿಲ್ಲದ ಅಳು, ಊರಿಗೆ ಮರಳಿ ಗುಳಿಗೆ ನುಂಗಿದ ಮರುದಿನವೇ ಎಲ್ಲವೂ ಇಳಿಯಿತು ಎಂದು ಬರೆದಿದ್ದೀರಿ. ಒಂದೂವರೆ ವರ್ಷದಿಂದ ಖಿನ್ನತೆಗೆಂದು ಎಸ್ಸಿಟಾಲೋಪ್ರಾಮ್ 10 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದೀರಿ, ಆರಾಮವಾಗಿ ವರ್ಷವಾಗಿದೆ. ಇದನ್ನೆಲ್ಲ ಕಣ್ಣಾರೆ ಕಂಡ ತಂದೆಯವರು ಇದು ಚಟ, ಇಂದೇ ಬಿಟ್ಟುಬಿಡು ಎನ್ನುತ್ತಿದ್ದಾರೆ. ನಿಮಗೋ ಹಳೆಯ ಕಾಯಿಲೆಯೇ ಮರಳಿತೇನೋ ಎಂಬ ಭಯ. ನನಗೆ ತಿಳಿದಂತೆ ಅದು ಚಟವೂ ಅಲ್ಲ, ಕಾಯಿಲೆಯ ಮರುಕಳಿಕೆಯೂ ಅಲ್ಲ. ಆದರೆ ಇಂದೇ ಬಿಡುವುದು ಮಾತ್ರ ಬೇಡ.

ನಾನು ವೈದ್ಯನಲ್ಲ. ವಿಜಯಪುರದಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಾಸಿಸ್ಟ್. ಚೀಟಿ ಬರೆದ ವೈದ್ಯರು ತಿಂಗಳಿಗೊಮ್ಮೆ ನೋಡುವ ರೋಗಿಯನ್ನು ನಾವು ಸ್ಟ್ರಿಪ್ ಮುಗಿದಾಗಲೆಲ್ಲ ನೋಡುತ್ತೇವೆ, ಮುಗಿದ ಮೇಲೂ ಬಾರದೆ ಹೋದವರನ್ನು ಕೆಲವು ದಿನ ಬಿಟ್ಟು ನೋಡುತ್ತೇವೆ. "ಯಣ್ಣಾ, ತಲಿ ತಿರಗಾಕತ್ತೈತ್ರಿ, ತಲ್ಯಾಗ ಝುಮ್ ಝುಮ್ ಅಂತೈತ್ರಿ, ಏನರ ಕೊಡ್ರಿ" ಎಂದು ಬಂದವರ ಕೈಯಲ್ಲಿ ಒಮ್ಮೊಮ್ಮೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್ಪಿನ ತುಂಡೊಂದು ಇರುತ್ತದೆ: ಗುಳಿಗೆಯ ಹೆಸರಿನಲ್ಲಿ ಕೊನೆಯ ಎರಡು ಅಕ್ಷರ, ಪಕ್ಕದಲ್ಲಿ 10 ಎಂಬ ಅಂಕಿ, ಎರಡೂ ಗುಳಿಗೆ ತೆಗೆದ ಖಾಲಿ ಗುಳಿಗಳು. ಅವಧಿ ಮುಗಿಯುವ ದಿನಾಂಕ ಇನ್ನಾರದೋ ಮನೆಗೆ ಹೋದ ತುಂಡಿನಲ್ಲಿರುತ್ತದೆ. ಇಂಥವರಲ್ಲಿ ಹೆಚ್ಚಿನವರು ಗುಳಿಗೆ ಬಿಡಬೇಕೆಂದು ತೀರ್ಮಾನಿಸಿ ಬಿಟ್ಟವರಲ್ಲ. ಊರಿನ ಅಂಗಡಿಯಲ್ಲಿ ಸಿಗಲಿಲ್ಲ, ಕಬ್ಬಿನ ಕಟಾವಿಗೆ ಹೋದರು, ಮದುವೆ ಬಂತು, ಶ್ರಾವಣದ ಉಪವಾಸ ಬಂತು, ಇಷ್ಟೇ. ತಲೆಸುತ್ತಿಗೆಂದು ಅವರು ಬೇರೊಂದು ಗುಳಿಗೆ ಕೇಳುತ್ತಾರೆ. ಬೇಕಾಗಿರುವುದು ಬಿಟ್ಟುಹೋದ ಗುಳಿಗೆಯೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಎಸ್ಸಿಟಾಲೋಪ್ರಾಮ್ ನಿಲ್ಲಿಸಿದ ಮೇಲೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 30 ಗಂಟೆ ಬೇಕು. ಆದ್ದರಿಂದ ಒಂದು ದಿನ ತಪ್ಪಿದ್ದು ಅನೇಕರ ಗಮನಕ್ಕೇ ಬರುವುದಿಲ್ಲ, ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಒದ್ದಾಟ ಶುರುವಾಗುತ್ತದೆ. ನಿಮಗೆ ಮೂರನೆಯ ದಿನ ಆದದ್ದು ಲೆಕ್ಕಕ್ಕೆ ಸರಿಹೊಂದುತ್ತದೆ. ಖಿನ್ನತೆಗೇ ಕೊಡುವ ಇನ್ನೊಂದು ಔಷಧ ವೆನ್ಲಾಫ್ಯಾಕ್ಸಿನ್ ಕೆಲವೇ ಗಂಟೆಗಳಲ್ಲಿ ಇಳಿಯುವಂಥದ್ದು, ಅದನ್ನು ತೆಗೆದುಕೊಳ್ಳುವವರಿಗೆ ಬೆಳಗಿನ ಗುಳಿಗೆ ತಪ್ಪಿದರೆ ಅಂದು ರಾತ್ರಿಯೋ ಮರುದಿನವೋ ತಿಳಿದುಬಿಡುತ್ತದೆ. ಪ್ಯಾರೊಕ್ಸೆಟಿನ್ ಕೂಡ ಈ ವಿಷಯದಲ್ಲಿ ಕುಖ್ಯಾತ. ಫ್ಲುವೊಕ್ಸೆಟಿನ್ ಮಾತ್ರ ದೇಹದಿಂದ ಪೂರ್ತಿ ಹೊರಹೋಗಲು ವಾರಗಳೇ ಹಿಡಿಯುವುದರಿಂದ ಅದು ತಾನೇ ಮೆಲ್ಲಗೆ ಇಳಿಯುತ್ತದೆ, ತೊಂದರೆ ಕಡಿಮೆ. ತಲೆಸುತ್ತು, ಕರೆಂಟ್ ಹೊಡೆದ ಅನುಭವ, ವಾಕರಿಕೆ, ಬೆವರು, ಜ್ವರ ಬರುವ ಮುನ್ನಿನಂಥ ಮೈಕೈನೋವು, ನಿದ್ದೆಗೇಡು, ಕಣ್ಣಿಗೆ ಕಟ್ಟಿದಂಥ ಕನಸು, ಸಿಡಿಮಿಡಿ, ಅಳು, ಇವೆಲ್ಲ ಈ ಗುಂಪಿನ ಔಷಧಗಳನ್ನು ಥಟ್ಟನೆ ನಿಲ್ಲಿಸಿದಾಗ ಕಾಣುವ ಪರಿಚಿತ ಲಕ್ಷಣಗಳು. ಕಣ್ಣು ಪಕ್ಕಕ್ಕೆ ಹೊರಳಿಸಿದಾಗಲೇ ಕರೆಂಟ್ ಹೊಡೆದಂತಾಗುವುದನ್ನೂ ಬಹಳ ಜನ ಹೇಳುತ್ತಾರೆ, ನಿಮಗೊಬ್ಬರಿಗೇ ಆದದ್ದಲ್ಲ.

ಎಲ್ಲರಿಗೂ ಹೀಗಾಗುತ್ತದೆಯೆಂದೂ ತಿಳಿಯಬೇಡಿ. 79 ಅಧ್ಯಯನಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಖಿನ್ನತೆಯ ಔಷಧ ನಿಲ್ಲಿಸಿದವರಲ್ಲಿ ಶೇ 31ರಷ್ಟು ಮಂದಿಗೆ ಏನಾದರೊಂದು ಲಕ್ಷಣ ಕಂಡಿತ್ತು. ಔಷಧವೇ ಇಲ್ಲದ ಸಪ್ಪೆ ಗುಳಿಗೆ ನಿಲ್ಲಿಸಿದವರಲ್ಲೂ ಶೇ 17ರಷ್ಟು ಮಂದಿಗೆ ಕಂಡಿತ್ತು. ಇವೆರಡರ ನಡುವಿನ ಅಂತರವಷ್ಟೇ ಔಷಧದ ಪಾಲು, ಅಂದರೆ ಆರೇಳು ಜನರಲ್ಲಿ ಒಬ್ಬರು. ತೀವ್ರ ತೊಂದರೆ ಸುಮಾರು 35 ಜನರಲ್ಲಿ ಒಬ್ಬರಿಗೆ. ಆ ಒಬ್ಬರು ತಾವೇ ಆದಾಗ ಈ ಅಂಕಿಗಳಿಂದ ಸಮಾಧಾನ ಸಿಗುವುದಿಲ್ಲ ಎಂಬುದೂ ನಿಜ.

ಕಾಯಿಲೆ ಮರಳಿತೇ ಎಂಬ ಪ್ರಶ್ನೆಗೆ ಉತ್ತರ ನೀವು ಬರೆದುದರಲ್ಲೇ ಇದೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಳ, ತಿಂಗಳುಗಳ ಅಂತರದಲ್ಲಿ, ಮೊದಲು ಬಂದಾಗಿನ ರೂಪದಲ್ಲೇ ಮೆಲ್ಲಗೆ ಮರಳುತ್ತದೆ. ಮೂರೇ ದಿನದಲ್ಲಿ ತಲೆಯಲ್ಲಿ ಕರೆಂಟಾಗಿ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ಗುಳಿಗೆ ಖಿನ್ನತೆಯ ಮೇಲೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆಂದು ಮೊದಲ ಬಾರಿ ಚೀಟಿ ಬರೆದಾಗ ವೈದ್ಯರು ನಿಮಗೂ ಹೇಳಿರುತ್ತಾರೆ. ಹಾಗಿರುವಾಗ ಒಂದೇ ಗುಳಿಗೆಗೆ ಮರುದಿನವೇ ಇಳಿದದ್ದು ಖಿನ್ನತೆಯಾಗಿರಲು ಸಾಧ್ಯವಿಲ್ಲ. ಈ ವ್ಯತ್ಯಾಸ ತಿಳಿಯದ ಎಷ್ಟೋ ಜನ "ಬಿಟ್ಟು ನೋಡಿದೆ, ಆಗಲಿಲ್ಲ, ಇನ್ನು ಜೀವನಪೂರ್ತಿ ಇದೇ ಗತಿ" ಎಂದು ಕೈಚೆಲ್ಲುತ್ತಾರೆ.

ಇನ್ನು ಚಟದ ಮಾತು. ಚಟ ಎಂದರೆ ಪ್ರಮಾಣ ಏರುತ್ತಾ ಹೋಗುವುದು, ಮನಸ್ಸು ಅದಕ್ಕಾಗಿ ಹಾತೊರೆಯುವುದು, ಮನೆ ಹಾಳಾದರೂ ಬಿಡಲಾಗದಿರುವುದು. ಎಸ್ಸಿಟಾಲೋಪ್ರಾಮ್ 10ರ ಬದಲು 40 ಕೊಡಿ ಎಂದು ಅಂಗಡಿಯಲ್ಲಿ ಜಗಳ ತೆಗೆದವರನ್ನು ನಾನು ನೋಡಿಲ್ಲ. ದೇಹ ಒಂದು ಔಷಧಕ್ಕೆ ಹೊಂದಿಕೊಂಡಿದೆ, ಅದನ್ನು ಥಟ್ಟನೆ ಕಿತ್ತುಕೊಂಡರೆ ತತ್ತರಿಸುತ್ತದೆ. ತಂದೆಯವರು ಬಿಪಿಗೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಾಗಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯವೆಂದು ಅವರ ವೈದ್ಯರನ್ನೇ ಕೇಳಿ ನೋಡಲಿ. ಅದನ್ನು ಯಾರೂ ಚಟ ಎನ್ನುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಇದೆ, ದಯವಿಟ್ಟು ಇಂದೇ ನೋಡಿ. ನಮ್ಮಲ್ಲಿ ಎಸ್ಸಿಟಾಲೋಪ್ರಾಮ್ ಜೊತೆಗೆ ಆತಂಕ ಇಳಿಸುವ ಕ್ಲೊನಜೆಪಾಮ್ ಸೇರಿಸಿದ ಜೋಡಿ ಗುಳಿಗೆಗಳು ಬಹಳ ಚಾಲ್ತಿಯಲ್ಲಿವೆ. ಬ್ರ್ಯಾಂಡ್ ಹೆಸರಿನ ಕೊನೆಗೆ 'ಪ್ಲಸ್' ಎಂದೋ ಇನ್ನೇನೋ ಬಾಲ ಇರುತ್ತದೆ. ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಕ್ಲೊನಜೆಪಾಮ್ ಎಂದಿದ್ದರೆ ನಾನು ಮೇಲೆ ಹೇಳಿದ್ದು ಗುಳಿಗೆಯೊಳಗಿನ ಎಸ್ಸಿಟಾಲೋಪ್ರಾಮ್‌ಗೆ ಮಾತ್ರ ಅನ್ವಯಿಸುತ್ತದೆ. ಕ್ಲೊನಜೆಪಾಮ್ ನಿಜವಾಗಿಯೂ ಅವಲಂಬನೆ ಹುಟ್ಟಿಸುವ ಔಷಧ, ಬಹಳ ದಿನ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಅದರ ಇಳಿಕೆಯನ್ನು ವೈದ್ಯರು ಬೇರೆಯಾಗಿಯೇ ಯೋಜಿಸಬೇಕಾಗುತ್ತದೆ.

ಹಾಗಾದರೆ ಬಿಡುವುದೇ ಬೇಡವೇ ಎಂದರೆ, ಹಾಗಲ್ಲ. ಮೊದಲ ಸಲ ಖಿನ್ನತೆ ಬಂದವರು ಗುಣವಾದ ಮೇಲೆ ಕನಿಷ್ಠ ಆರು ತಿಂಗಳು ಔಷಧ ಮುಂದುವರಿಸಬೇಕು ಎಂಬುದು ಸಾಮಾನ್ಯ ನಿಯಮ; ಪದೇ ಪದೇ ಬಂದವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ವರ್ಷದಿಂದ ಆರಾಮವಾಗಿರುವ ನೀವು ಆ ಮಾತು ಎತ್ತುವುದು ನ್ಯಾಯವೇ, ಆದರೆ ವೈದ್ಯರ ಮುಂದೆ ಎತ್ತಿ. ಅಲ್ಲಿ ಒಂದನ್ನು ಬಿಡಿಸಿ ಕೇಳಿ: 10 ಮಿ.ಗ್ರಾಂನಿಂದ 5ಕ್ಕೆ ಇಳಿದ ಮೇಲೆ, 5ರಿಂದ ಸೊನ್ನೆಗೆ ಹೋಗುವುದು ಹೇಗೆ? ಏಕೆಂದರೆ ಈ ಔಷಧಗಳ ಪ್ರಮಾಣಕ್ಕೂ ಮೆದುಳಿನ ಮೇಲಿನ ಪರಿಣಾಮಕ್ಕೂ ನೇರ ಅನುಪಾತವಿಲ್ಲ. ಸಾಮಾನ್ಯ ಪ್ರಮಾಣದಲ್ಲೇ ಅವು ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕವನ್ನು ಸಾಗಿಸುವ ಪ್ರೊಟೀನುಗಳಲ್ಲಿ ಸುಮಾರು ಶೇ 80ರಷ್ಟನ್ನು ಹಿಡಿದಿರುತ್ತವೆ. ಗುಳಿಗೆಯನ್ನು ಅರ್ಧ ಮಾಡಿದರೂ ಆ ಹಿಡಿತ ಸ್ವಲ್ಪವೇ ಸಡಿಲಾಗುತ್ತದೆ, ಕೊನೆಯ ಚೂರನ್ನು ಬಿಟ್ಟಾಗ ಉಳಿದದ್ದೆಲ್ಲ ಒಮ್ಮೆಲೇ ಕುಸಿಯುತ್ತದೆ. ಮೇಲಿನ ಮೆಟ್ಟಿಲುಗಳು ಗೇಣುದ್ದ, ಕಟ್ಟಕಡೆಯದು ಎದೆಯುದ್ದ ಇರುವ ಬಾವಿಗೆ ಇಳಿದ ಹಾಗೆ. 10ರಿಂದ 5ಕ್ಕೆ ಇಳಿದಾಗ ಏನೂ ಆಗದವರು 5 ನಿಲ್ಲಿಸಿದ ವಾರ ನನ್ನ ಅಂಗಡಿಗೆ ಬರುವುದು ಇದಕ್ಕೇ. ಆದ್ದರಿಂದ ಕೊನೆಯಲ್ಲಿ ಇನ್ನೂ ಚಿಕ್ಕ ಚಿಕ್ಕ ಪ್ರಮಾಣಗಳಲ್ಲಿ, ಪ್ರತಿ ಹಂತದಲ್ಲೂ ಕೆಲವು ವಾರ ನಿಂತು ಇಳಿಯುವುದು ಲೇಸು. ಒಟ್ಟು ಕೆಲವು ತಿಂಗಳಾದರೂ ಆಗಲಿ. ದಿನ ಬಿಟ್ಟು ದಿನ ತೆಗೆದುಕೊಳ್ಳುವ ಉಪಾಯ ಎಸ್ಸಿಟಾಲೋಪ್ರಾಮ್‌ನಂಥ ಔಷಧಕ್ಕೆ ಒಗ್ಗುವುದಿಲ್ಲ, ರಕ್ತದಲ್ಲಿ ಪ್ರಮಾಣ ಏರಿಳಿದು ಜಾತ್ರೆಯ ಪಾಡೇ ದಿನ ಬಿಟ್ಟು ದಿನ ಆದೀತು. ನಿಧಾನವಾಗಿ ಕರಗುವ ಇಆರ್, ಸಿಆರ್ ಗುಳಿಗೆಗಳನ್ನು ಬ್ಲೇಡಿನಿಂದ ಕತ್ತರಿಸುವುದಂತೂ ಬೇಡವೇ ಬೇಡ.

ಅಲ್ಲಿಯವರೆಗೆ ದಿನದ ಗುಳಿಗೆಯನ್ನು ದಿನವೂ ತೆಗೆದುಕೊಳ್ಳಿ. ಮರೆತರೆ ನೆನಪಾದಾಗ ತೆಗೆದುಕೊಳ್ಳಿ, ಮುಂದಿನ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ವಾರಗಟ್ಟಲೆ ತಪ್ಪಿದ್ದರೆ ಮತ್ತೆ ಶುರುಮಾಡುವ ಮುನ್ನ ವೈದ್ಯರನ್ನು ಕೇಳಿ. ಅಂಗಡಿಯವರು ಕತ್ತರಿ ಹಿಡಿದರೆ ಪೂರ್ತಿ ಸ್ಟ್ರಿಪ್ ಕೇಳಿ ಪಡೆಯಿರಿ, ಒಂದು ವಾರದ ಗುಳಿಗೆ ಇರುವಾಗಲೇ ಮುಂದಿನದನ್ನು ತರಿಸಿ. ದುಡ್ಡಿನ ಅಡಚಣೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ಬದುಕುವುದೇ ಬೇಡ ಎಂಬಂಥ ಯೋಚನೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಿಮ್ಮ ವೈದ್ಯರು ದೂರವಿದ್ದರೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ವಿಚಾರಿಸಿಕೊಂಡು, ಚೀಟಿ ಮತ್ತು ಕತ್ತರಿಸದ ಸ್ಟ್ರಿಪ್ ಹಿಡಿದುಕೊಂಡು, ಸಾಧ್ಯವಾದರೆ ತಂದೆಯವರನ್ನೂ ಕರೆದುಕೊಂಡು ಹೋಗಿ. ಚಟದ ಪ್ರಶ್ನೆಯನ್ನು ಅವರೇ ಕೇಳಲಿ.