1999ರಲ್ಲಿ ಗೋದಾಮಿನಲ್ಲಿ ಸರಕಿದ್ದರೂ ಹರ್ಷಿ ಕಂಪನಿಗೆ ಅಂಗಡಿಗಳಿಗೆ ಚಾಕೊಲೇಟ್ ಪೂರೈಸಲು ಆಗಲಿಲ್ಲ, ಏಕೆ?

ತಂತ್ರಾಂಶದ ದೋಷಕ್ಕಿಂತ, ಅದನ್ನು ಯಾವಾಗ, ಹೇಗೆ ಚಾಲನೆಗೆ ತರಬೇಕೆಂಬ ಆಡಳಿತದ ತೀರ್ಮಾನವೇ ಮುಖ್ಯ ಕಾರಣ. ಅಮೆರಿಕದ ಈ ಕಂಪನಿ ಸುಮಾರು 11 ಕೋಟಿ ಡಾಲರ್ ಖರ್ಚು ಮಾಡಿ ಇಆರ್‌ಪಿ, ಅಂದರೆ ಆರ್ಡರ್, ದಾಸ್ತಾನು, ಸಾಗಣೆ, ಲೆಕ್ಕಪತ್ರಗಳನ್ನೆಲ್ಲ ಒಂದಾಗಿ ಬೆಸೆಯುವ ತಂತ್ರಾಂಶ ವ್ಯವಸ್ಥೆಯನ್ನು ತಂದಿತು. ನಾಲ್ಕು ವರ್ಷದ ಕೆಲಸವನ್ನು ಎರಡೂವರೆ ವರ್ಷಕ್ಕೆ ಇಳಿಸಿ (2000ನೇ ಇಸವಿ ಬಂದಾಗ ಹಳೆಯ ಗಣಕಗಳು ದಿನಾಂಕವನ್ನು ತಪ್ಪಾಗಿ ಓದಬಹುದೆಂಬ ಆತಂಕ ಬೇರೆ ಇತ್ತು), ಜುಲೈನಲ್ಲಿ ಹಲವು ಭಾಗಗಳನ್ನು ಒಟ್ಟಿಗೇ ಆರಂಭಿಸಿತು. ಅಕ್ಟೋಬರ್ ಕೊನೆಯಲ್ಲಿ ಮಕ್ಕಳಿಗೆ ಸಿಹಿ ಹಂಚುವ ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಹರಿದುಬರುವ ಹೊತ್ತು ಅದು. ಇದಕ್ಕಿಂತ ಕೆಟ್ಟ ಮುಹೂರ್ತ ಸಿಗಲಾರದು.

ಇಂಥ ವ್ಯವಸ್ಥೆಗೆ ಕಣ್ಣೆದುರಿನ ಸರಕು ಲೆಕ್ಕಕ್ಕಿಲ್ಲ, ತನ್ನಲ್ಲಿ ದಾಖಲಾದದ್ದು ಮಾತ್ರ ಲೆಕ್ಕಕ್ಕಿದೆ. ಹಬ್ಬದ ಒತ್ತಡದಲ್ಲಿ ಹೆಚ್ಚುವರಿ ಸರಕನ್ನು ಸಿಕ್ಕ ಖಾಲಿ ಜಾಗಗಳಲ್ಲಿ ಇಡುವುದು ಅಲ್ಲಿನ ರೂಢಿ. ಸಿಬ್ಬಂದಿಗೆ ಗೊತ್ತಿದ್ದ ಆ ಜಾಗಗಳು ಹೊಸ ವ್ಯವಸ್ಥೆಯಲ್ಲಿ ದಾಸ್ತಾನು ಸ್ಥಳಗಳೆಂದು ನಮೂದಾಗಿರಲಿಲ್ಲ. ಹಾಗಾಗಿ ಅಲ್ಲಿದ್ದ ಸರಕು ಯಾವ ಆರ್ಡರ್‌ಗೂ ಹಂಚಿಕೆಯಾಗಲಿಲ್ಲ. ಸುಮಾರು 10 ಕೋಟಿ ಡಾಲರ್ ಮೌಲ್ಯದ ಪೂರೈಕೆ ತಪ್ಪಿತು. ಆ ತ್ರೈಮಾಸಿಕದ ಲಾಭ ಶೇ 19ರಷ್ಟು ಕುಸಿಯಿತು.

ತಂತ್ರಾಂಶವನ್ನೇ ದೂರುವವರು 2002ನ್ನು ಗಮನಿಸಬೇಕು. ಸಾಕಷ್ಟು ಪರೀಕ್ಷೆ ನಡೆಸಿದ ಮೇಲೆ ಇದೇ ಕಂಪನಿ ಅದೇ ತಂತ್ರಾಂಶದ ಹೊಸ ಆವೃತ್ತಿಗೆ ಸುಗಮವಾಗಿ ಬದಲಾಯಿತು.