ನಾಯಿ ಹಿಡಿದವರು ತಿರುಗಿ ಅಲ್ಲೇ ಬಿಟ್ಟರು, ಯಾಕೆ?

ಪ್ರಶ್ನೆ: ನಮ್ಮ ಬೀದಿಯ ಮೂಲೆಯಲ್ಲಿ ರಾತ್ರಿ ಹೊತ್ತು ಕೋಳಿ ಅಂಗಡಿಯ ಕಸ ಬೀಳುತ್ತದೆ. ಅಲ್ಲೇ ಎಂಟ್ಹತ್ತು ನಾಯಿಗಳು. ಮೂರು ವಾರದ ಹಿಂದೆ ಪಕ್ಕದ ಮನೆ ಹುಡುಗನಿಗೆ ಒಂದು ಕಚ್ಚಿತು. ದೂರು ಕೊಟ್ಟ ಮೇಲೆ ನಗರಸಭೆಯವರು ಹಿಡಿದುಕೊಂಡು ಹೋದರು, ಆಮೇಲೆ ತಂದು ಅಲ್ಲೇ ಬಿಟ್ಟರು! ಎದುರುಮನೆಯ ಸಾಕುನಾಯಿಯಂತೂ ದಿನಾ ನಮ್ಮ ಗೇಟಿನ ಮುಂದೆಯೇ ಗಲೀಜು ಮಾಡುತ್ತದೆ. ಏನು ಮಾಡೋಣ ಮೇಡಂ? ಹುಡುಗನಿಗೆ ಮೂರು ಸೂಜಿ ಆಗಿದೆ, ಗಾಯವೂ ಮಾಯ್ದಿದೆ. ಇನ್ನೊಂದು ಬೇಕಾ?
– ಹೆಸರು ಬೇಡವೆಂದ ಓದುಗರು

ಉತ್ತರ: ನಗರಸಭೆಯಲ್ಲಿ ಆರೋಗ್ಯ ನಿರೀಕ್ಷಕಿಯಾಗಿದ್ದಾಗ ಈ ಸಿಟ್ಟನ್ನು ಬೀದಿ ಬೀದಿಯಲ್ಲೂ ಕೇಳಿದ್ದೇನೆ. ನಿಮ್ಮ ಸಂಕಟ ನಿಜ. ಆದರೆ ಹಿಡಿದ ಜಾಗದಲ್ಲೇ ಬಿಡಬೇಕು ಅನ್ನುವುದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮ. ಸಂತಾನಹರಣ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ ವಾಪಸ್ ಬಿಡುತ್ತಾರೆ. ಯಾಕೆಂದರೆ ಜಾಗ ಖಾಲಿಯಾದರೆ ಆಪರೇಷನ್ ಆಗದ ಬೇರೆ ನಾಯಿಗಳು ಬಂದು ಸೇರುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಕಡೆ ಹಿಡಿದವನ್ನು ಮಾತ್ರ ತಿರುಗಿ ಅಲ್ಲಿಗೆ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶ ಕೊಟ್ಟಿತು. ರೇಬೀಸ್ ಅನುಮಾನ ಇರುವ ನಾಯಿಯನ್ನೂ ಬಿಡುವಂತಿಲ್ಲ.

ಈಗ ಆ ನಾಯಿಗಳ ಕಿವಿ ನೋಡಿ. ಆಪರೇಷನ್ ಆಗಿದ್ದರೆ ಒಂದು ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿರುತ್ತಾರೆ. ಆ ಗುರುತು ಇಲ್ಲದ ನಾಯಿ ಕಂಡರೆ ಫೋಟೊ ಸಮೇತ ಮತ್ತೆ ದೂರು ಕೊಡಿ. ಸುಮ್ನೆ ಸುತ್ತಾಡಿಸಿ ತಂದು ಬಿಟ್ಟರೆ ಕೆಲಸ ಆದಂತಲ್ಲ.

ಆದರೆ ನಿಮ್ಮ ಬೀದಿಯಲ್ಲಿ ಮೊದಲು ಹಿಡಿಯಬೇಕಾದ್ದು ಆ ಮೂಲೆಯನ್ನು. ಕಟ್ಟಿ ಎಸೆದ ಕಪ್ಪು ಕವರು, ಒಳಗೆ ಕೋಳಿ ಕರುಳು, ಪುಕ್ಕ. ಬೆಳಗ್ಗೆ ಕಸದ ಗಾಡಿ ಬರುವಷ್ಟರಲ್ಲಿ ನಾಯಿಗಳು ಅದನ್ನು ಹರಿದು ರಸ್ತೆಗೆಲ್ಲ ಎಳೆದಾಡಿರುತ್ತವೆ. ಪೌರಕಾರ್ಮಿಕರು ಅದನ್ನು ಬಾಚಬೇಕು, ನಿಮ್ಮ ಮಕ್ಕಳು ಅದರ ಪಕ್ಕದಲ್ಲೇ ಶಾಲೆಗೆ ಹೋಗಬೇಕು. ಊಟ ಅಲ್ಲೇ ಸಿಗುವಾಗ ನಾಯಿಗಳು ಇನ್ನೆಲ್ಲಿಗೆ ಹೋಗುತ್ತವೆ? ಅದರ ಪಾಲಿಗಾಗಿ ಕಿತ್ತಾಡುವಾಗಲೇ ಹತ್ತಿರ ಹೋದವರಿಗೆ ಕಚ್ಚುವುದು ಜಾಸ್ತಿ.

ಆ ಅಂಗಡಿಗೆ ಉದ್ದಿಮೆ ಪರವಾನಗಿ ಕೊಡುವುದು ನಗರಸಭೆಯೇ ಅಲ್ವಾ? ಹಾಗಾಗಿ ದೂರನ್ನು ಪೌರಾಯುಕ್ತರ ಹೆಸರಿಗೇ ಬರೆಯಿರಿ. ಕಸ ಬೀಳುವ ಹೊತ್ತು, ಜಾಗದ ಗುರುತು, ಫೋಟೊ ಇರಲಿ. ಬೀದಿಯವರೆಲ್ಲ ಸಹಿ ಹಾಕಿ. ಸ್ವೀಕೃತಿ ತೆಗೆದುಕೊಳ್ಳದೆ ಎದ್ದು ಬರಬೇಡಿ. ಕಸ ಎಸೆದವರಿಗೆ ಸ್ಥಳದಲ್ಲೇ ದಂಡ ಹಾಕಲು ಸ್ಥಳೀಯ ಸಂಸ್ಥೆಗಳು ಉಪನಿಯಮ ಮಾಡಿಕೊಳ್ಳಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಅಧಿಕಾರ ಇದ್ದೂ ದಂಡದ ರಸೀದಿ ಪುಸ್ತಕ ಬೀರುವಿನಲ್ಲೇ ಉಳಿಯುವುದು ನನಗೆ ಇವತ್ತಿಗೂ ನೋವಿನ ವಿಷಯ.

ಎದುರುಮನೆಯವರಿಗೆ ಮೊದಲು ನೀವೇ ಹೇಳಿ. ನಾಯಿಯ ಮಲದಲ್ಲಿ ಜಂತುಹುಳುವಿನ ಮೊಟ್ಟೆ ಇರಬಹುದು, ಮಣ್ಣಲ್ಲಿ ಆಡುವ ಮಕ್ಕಳ ಹೊಟ್ಟೆಗೆ ಹೋಗಬಹುದು. ಹೊರಗೆ ಕರೆತರುವಾಗ ಹಳೇ ಪೇಪರು ತಂದು ಎತ್ತಿಕೊಂಡು ಹೋಗಲಿ. ಕೇಳದಿದ್ದರೆ ಅದನ್ನೂ ದೂರಿಗೆ ಸೇರಿಸಿ.

ಇನ್ನು ಹುಡುಗನ ವಿಷಯ. ಸೂಜಿ ಬೇಕೇ ಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0 (ಅಂದರೆ ಮೊದಲ ಸೂಜಿ ಹಾಕಿದ ದಿನ), 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಒಂದಿದೆ. ಆಸ್ಪತ್ರೆಯ ಚೀಟಿ ತೆಗೆದು ಇವತ್ತೇ ನೋಡಲು ಅವರ ಮನೆಯವರಿಗೆ ಹೇಳಿ. ನಡುವೆ ಒಂದು ತಪ್ಪಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಲಿ.